ಮೂರನೇ ಸುತ್ತಿಗೆ ಜಾಮ್ ಆಗುವ ಯೆಜ್ಡಿ: ದೋಷ ಹುಡುಕಿದ ಬಗೆ

ಲಕ್ಷಣ ಇಷ್ಟು. ಎರಡನೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಮೊದಲ ಎರಡು ಸುತ್ತು ಯಾವ ತಕರಾರೂ ಇಲ್ಲ. ಮೂರನೇ ಸುತ್ತಿನಲ್ಲಿ, ನೇರ ಹಾದಿಯ ಕೊನೆಗೆ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಎಂಜಿನ್ ಸದ್ದು ಚೂಪಾಗುತ್ತದೆ. ಆಮೇಲೆ ಯಾರೋ ಹಿಂದೆ ಹಿಡಿದು ಎಳೆದ ಹಾಗೆ ವೇಗ ಬೀಳುತ್ತದೆ. ಕ್ಲಚ್ ಒತ್ತದಿದ್ದರೆ ಹಿಂದಿನ ಚಕ್ರ ಕಟ್ಟಿಕೊಂಡು ಜಾರುತ್ತದೆ. ಹತ್ತು ನಿಮಿಷ ನೆರಳಲ್ಲಿ ನಿಲ್ಲಿಸಿದರೆ ಕಿಕ್ ಮತ್ತೆ ಇಳಿಯುತ್ತದೆ, ಏನೂ ಆಗೇ ಇಲ್ಲ ಅನ್ನುವ ಹಾಗೆ.

ಗಾಡಿ 250 ಸಿಸಿ ಯೆಜ್ಡಿ, ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಹಳೆ ಟೂ ಸ್ಟ್ರೋಕ್ ಬೈಕ್. ಓಡಿಸುವವನು ನನ್ನ ಅಕ್ಕನ ಮಗ. ದಾವಣಗೆರೆಯಿಂದ ಹರಿಹರದ ಕಡೆ ಹೋಗುವಾಗ, ಬಾತಿ ದಾಟಿದ ಮೇಲೆ, ಗೊತ್ತಿದ್ದವರ ಖಾಲಿ ಹೊಲದಲ್ಲಿ ನಾವು ಅಭ್ಯಾಸ ಮಾಡುತ್ತೇವೆ. ಹಳೆ ಗಾಡಿಗಳ ಮಣ್ಣಿನ ರೇಸಿಗೆ ಅವನು ಹೆಸರು ಕೊಟ್ಟಿದ್ದ. ಎರಡು ಸಲ ಹೀಗಾದ ಮೇಲೆ "ಮಾಮ, ಗಾಡಿ ಮತ್ತೆ ಹಿಡ್ಕಂತು" ಅಂತ ಫೋನ್ ಮಾಡಿದ. ಅಷ್ಟರಲ್ಲಿ ಅವನ ಗೆಳೆಯರೆಲ್ಲ ತೀರ್ಪು ಕೊಟ್ಟಾಗಿತ್ತು. ಒಬ್ಬ ಆಯಿಲ್ ಕಡಿಮೆ ಅಂದ. ಇನ್ನೊಬ್ಬ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ತೂತಿನ ತುಂಡು) ಸಣ್ಣದು ಅಂದ. ಮತ್ತೊಬ್ಬ ಕಾರ್ಬೊರೇಟರ್ ಕಿತ್ತು ಬಿಸಾಕಿ ರೀಡ್ ವಾಲ್ವ್ (ಗಾಳಿಯನ್ನು ಒಳಗೆ ಮಾತ್ರ ಬಿಡುವ ತೆಳು ಪಟ್ಟಿಯ ಕವಾಟ) ಕೂರಿಸು ಅಂದ. ಮೂವರ ಮಾತನ್ನೂ ಕೇಳಿ ಅವನು ಜೆಟ್ಟನ್ನು ಮೂರು ಸೈಜ್ ದೊಡ್ಡದು ಮಾಡಿದ್ದ. ಆದರೂ ಜಾಮ್, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಳ್ಳುವುದು.

ಮೊದಲು ನಿಯಮದ ಹಾಳೆ ಓದಿ

ಇಂಥ ಗಾಡಿಯಲ್ಲಿ ಸ್ಪ್ಯಾನರ್ ಮುಟ್ಟುವ ಮೊದಲು ಆಯೋಜಕರು ಕೊಟ್ಟ ನಿಯಮದ ಹಾಳೆ ಓದಬೇಕು. ತಪಾಸಣೆಯಲ್ಲಿ ಹೊರಗೆ ಹಾಕುತ್ತಾರೆ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣಕ್ಕೆ ಆ ಹಾಳೆ ನನಗೆ ಇನ್ನೂ ಇಷ್ಟ. ಕಂಪನಿ ಕೊಟ್ಟದ್ದು ಯಾವುದು, ಆಮೇಲೆ ಯಾರೋ ಕೈ ಹಾಕಿದ್ದು ಯಾವುದು ಅಂತ ಬೇರೆ ಮಾಡಿ ನೋಡಲು ಅದು ಒಳ್ಳೆ ಪಟ್ಟಿ. ನಲವತ್ತು ವರ್ಷದ ಗಾಡಿಯಲ್ಲಿ ಎಷ್ಟು ಜನರ ಕೈವಾಡ ಇರುತ್ತದೋ ದೇವರಿಗೇ ಗೊತ್ತು.

ನಮ್ಮ ಹಾಳೆಯಲ್ಲಿ ಇದ್ದದ್ದು ಇದು: ಕ್ರ್ಯಾಂಕ್‌ಕೇಸ್, ಸಿಲಿಂಡರ್, ಕಾರ್ಬೊರೇಟರ್ ಮೂಲ ಮಾದರಿಯವೇ ಇರಬೇಕು. ಪೋರ್ಟ್, ಅಂದರೆ ಸಿಲಿಂಡರ್ ಗೋಡೆಯ ಕಿಂಡಿ, ಫೈಲ್ ಮಾಡಬಹುದು (ಅರದಿಂದ ಉಜ್ಜಬಹುದು). ಹೆಡ್ ಸ್ಕಿಮ್ಮಿಂಗ್ ಮಾಡಿಸಬಹುದು, ಅಂದರೆ ಸಿಲಿಂಡರಿನ ಮೇಲ್ಮುಚ್ಚಳದ ಅಡಿ ಕೆರೆಸಬಹುದು. ಸೈಲೆನ್ಸರ್ ಬದಲಿಸಬಹುದು. ರೀಡ್ ವಾಲ್ವ್ ಇಲ್ಲದ ಎಂಜಿನ್‌ಗೆ ಅದನ್ನು ಕೂರಿಸುವ ಹಾಗಿಲ್ಲ. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವ ಹಾಗಿಲ್ಲ. ಸವೆತಕ್ಕಾಗಿ ಬೋರ್ ಮಾಡಿಸಿದರೆ, ಅಂದರೆ ಸಿಲಿಂಡರಿನ ಒಳಗನ್ನು ಕೆರೆಸಿ ಅಗಲ ಮಾಡಿಸಿದರೆ, 1 ಮಿ.ಮೀ. ವರೆಗೆ ಒಪ್ಪುತ್ತಾರೆ. ಸಿಲಿಂಡರ್ ಅಡಿಯಲ್ಲಿ ಮೂಲ ದಪ್ಪದ ಪ್ಯಾಕಿಂಗ್ ಮಾತ್ರ, ಬೇರೆ ಪ್ಲೇಟ್ ಇರಬಾರದು. ಈ ಕೊನೆಯ ಸಾಲನ್ನು ನಾನೂ ಮೊದಲ ಸಲ ಸುಮ್ನೆ ಓದಿ ದಾಟಿದ್ದೆ.

ಬೋರ್ ಲೆಕ್ಕ ಒಂದು ಸಲ ಹಾಕಿಟ್ಟುಕೊಳ್ಳಿ. ಈ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75. ಸುಮಾರು 249 ಸಿಸಿ ಆಯಿತು. 66ಕ್ಕೆ ಬೋರ್ ಮಾಡಿಸಿದರೆ 256.6 ಸಿಸಿ. 250ರ ವರ್ಗದಲ್ಲಿ ಆ 6.6 ಸಿಸಿ ಸಿಗುವುದು ಹಾಳೆಯ ದಯೆಯಿಂದ. ನಮ್ಮದು ಆಗಲೇ 65.5ರಲ್ಲಿತ್ತು. ಜಾಮ್ ಆದ ಗೀರು ತೆಗೆಯಲು 65.75. ಇನ್ನೊಂದು ಸಲ ಹಿಡಿದುಕೊಂಡರೆ ಕೊನೆಯ ಪಿಸ್ಟನ್, ಅದಾದ ಮೇಲೆ ಲೈನರ್, ಅಂದರೆ ಸಿಲಿಂಡರಿಗೆ ಹೊಸ ಒಳಗೋಡೆ. ಹಾಗಾಗಿ "ಹಾಕಿ ನೋಡೋಣ, ಆದರೆ ಆಯಿತು" ಅನ್ನುವ ಆಟ ಇಲ್ಲಿ ನಡೆಯಲ್ಲ.

ಹೊರದೇಶದ ನಿಯಮಗಳೂ ಇದೇ ದಾರಿಯವು. ಅಮೆರಿಕನ್ ಹಿಸ್ಟಾರಿಕ್ ರೇಸಿಂಗ್ ಮೋಟಾರ್‌ಸೈಕಲ್ ಅಸೋಸಿಯೇಷನ್‌ನವರ ವಿಂಟೇಜ್ ಮೋಟೊಕ್ರಾಸ್‌ನಲ್ಲಿ ಗಾಡಿ 1974ರವರೆಗಿನದು ಇರಬೇಕು, ಮುಂದಿನ ಸಸ್ಪೆನ್ಷನ್ 7 ಇಂಚು, ಹಿಂದಿನದು 4 ಇಂಚಿಗಿಂತ ಜಾಸ್ತಿ ಆಡಬಾರದು. ಆಮೇಲೆ ತಯಾರಾದ ಗಾಡಿಯಾದರೂ ವಿನ್ಯಾಸ ಹಳೆಯದೇ ಆಗಿದ್ದರೆ ಪರಿಗಣಿಸುತ್ತಾರೆ. ಯೆಜ್ಡಿಗೆ ಇದು ಅನುಕೂಲದ ಮಾತು. ಮೈಸೂರಿನಲ್ಲಿ 1996ರವರೆಗೆ ಬಂದ ಗಾಡಿಯಾದರೂ ಎಂಜಿನ್ನಿನ ಮೂಲ ಹಳೆ ಜಾವಾ. ರೀಡ್ ವಾಲ್ವ್ ಇಲ್ಲದೆ ಏನು ಓಡುತ್ತದೆ ಅಂತ ಕೇಳುವ ಹುಡುಗರಿಗೆ ನಾನು ಹೇಳೋದು ಒಂದೇ. 1964ರಲ್ಲಿ ಜೋಯೆಲ್ ರೋಬರ್ 250 ಸಿಸಿ ವಿಶ್ವ ಚಾಂಪಿಯನ್ ಆದದ್ದೂ, 1966ರಲ್ಲಿ ಪಾಲ್ ಫ್ರೀಡ್ರಿಕ್ಸ್ 500ರಲ್ಲಿ ಗೆದ್ದದ್ದೂ ಚೆಕೊಸ್ಲೊವಾಕಿಯಾದ ಸೀಜೆಡ್ ಗಾಡಿಗಳಲ್ಲಿ. ಅವೂ ನಮ್ಮ ಯೆಜ್ಡಿ ಹಾಗೆ ಪಿಸ್ಟನ್ನೇ ಬಾಗಿಲು ತೆಗೆದು ಹಾಕುವ ಟೂ ಸ್ಟ್ರೋಕ್‌ಗಳು.

ಪಿಸ್ಟನ್ ಏನು ಹೇಳುತ್ತದೆ

ಸಿಲಿಂಡರ್ ಬಿಚ್ಚಿದ ಕೂಡಲೇ ಪಿಸ್ಟನ್ನನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿ. ಅನೇಕರು ಮಾಡುವ ತಪ್ಪು ಇದೇ. ಮೊದಲು ಬಿಸಿಲಿಗೆ ಹಿಡಿದು ಸುತ್ತ ತಿರುಗಿಸಿ ನೋಡಿ. ಗೀರು ಎಲ್ಲಿದೆ ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತದೆ.

ಗಜನ್ ಪಿನ್ನಿನ (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್) ಎರಡೂ ಬದಿಗೆ, ನಾಲ್ಕು ಮೂಲೆಯಲ್ಲಿ ಗೀರಿದ್ದರೆ ಪಿಸ್ಟನ್ ಬೇಗ ಹಿಗ್ಗಿದೆ, ಸಿಲಿಂಡರ್ ಇನ್ನೂ ಬಿಸಿಯಾಗಿಲ್ಲ. ತಣ್ಣಗಿನ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಕೊಟ್ಟವರದ್ದು, ಇಲ್ಲವೇ ಬೋರ್ ತೀರಾ ಬಿಗಿ ಮಾಡಿಸಿದವರದ್ದು ಹೀಗಾಗುತ್ತದೆ. ಕಾರ್ಬೊರೇಟರ್ ಕಡೆಯ ಮೈಯಲ್ಲಿ ಗೀರಿದ್ದರೆ ಆಯಿಲ್ ಮೇಲೆ ಅನುಮಾನ ಪಡಿ. ಆ ಭಾಗಕ್ಕೆ ತಣ್ಣನೆ ಪೆಟ್ರೋಲ್ ಬೀಳುತ್ತಿರುತ್ತದೆ, ಅಲ್ಲೂ ಒಣಗಿದೆ ಅಂದರೆ ಮಿಕ್ಸಿಂಗೇ ತಪ್ಪಿರಬೇಕು. ಸೈಲೆನ್ಸರ್ ಕಡೆ ಮಾತ್ರ ಗೀರಿದ್ದರೆ ಸುಡು ಬಿಸಿ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ.

ನಮ್ಮದು ಮೂರನೆಯದು. ಎರಡು ಎಕ್ಸಾಸ್ಟ್ ಬಾಯಿಗಳ ಎದುರಿಗೆ ಬೆರಳಗಲದ ಎರಡು ಪಟ್ಟಿ. ಅಲ್ಲಿ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಬೋರ್ ಗೋಡೆಗೆ ಬಳಿದುಕೊಂಡಿತ್ತು. ಮೇಲಿನ ರಿಂಗ್ ಒಂದು ಕಡೆ ಕಚ್ಚಿಕೊಂಡಿತ್ತು. ಕಾರ್ಬೊರೇಟರ್ ಕಡೆ ಮಾತ್ರ ಹೊಸದರ ಹಾಗೆ ನುಣ್ಣಗೆ. ಅಲ್ಲಿಗೆ ಆಯಿಲ್ ವಾದ ಬಿತ್ತು.

ಪ್ಲಗ್ಗೂ ಅದನ್ನೇ ಹೇಳಿತು. ಪ್ಲಗ್ ಬಣ್ಣ ನೋಡುವುದಾದರೆ ಫುಲ್ ಆಕ್ಸಿಲರೇಟರ್‌ನಲ್ಲಿ ಓಡುತ್ತಿರುವಾಗಲೇ ಇಗ್ನಿಷನ್ ಆಫ್ ಮಾಡಿ, ಕ್ಲಚ್ ಒತ್ತಿ, ಉರುಳುತ್ತಾ ಬಂದು ನಿಲ್ಲಬೇಕು. ಮೆಲ್ಲಗೆ ಓಡಿಸಿಕೊಂಡು ಶೆಡ್‌ಗೆ ಬಂದು ಬಿಚ್ಚಿದರೆ ಕಾಣೋದು ಐಡ್ಲಿಂಗ್ ಬಣ್ಣ. ನಮ್ಮ ಪ್ಲಗ್ ಸುಣ್ಣದ ಹಾಗೆ ಬಿಳಿ ಇತ್ತು.

ಮೂರು ಸೈಜ್ ದೊಡ್ಡ ಜೆಟ್ ಹಾಕಿದ ಮೇಲೂ ಬಿಳಿ! ಹಾಗಾದರೆ ತಪ್ಪು ಜೆಟ್‌ನಲ್ಲಿಲ್ಲ. ಪೆಟ್ರೋಲ್ ಜೆಟ್ಟಿನ ತನಕ ಬರುತ್ತಿಲ್ಲ, ಅಥವಾ ಜೆಟ್ ದಾಟಿದ ಮೇಲೆ ಎಲ್ಲಿಂದಲೋ ಕಳ್ಳ ಗಾಳಿ ಸೇರುತ್ತಿದೆ. ಇವೆರಡನ್ನು ಬಿಟ್ಟು ಬೇರೆಯದನ್ನು ಮುಟ್ಟಬೇಡಿ.

ಪೆಟ್ರೋಲ್ ಬರುತ್ತಿದೆಯಾ

ಇದು ಸುಲಭ, ಹತ್ತು ನಿಮಿಷದ ಕೆಲಸ. ಕಾರ್ಬೊರೇಟರ್‌ಗೆ ಹೋಗುವ ಪೈಪ್ ಕಳಚಿ ಅಳತೆ ಗುರುತಿರುವ ಬಾಟಲಿಗೆ ಬಿಡಿ. ಮುಚ್ಚಳ ಬಿಗಿಯಾಗಿ ಹಾಕಿರಬೇಕು, ಟ್ರ್ಯಾಕ್‌ನಲ್ಲಿ ಇರುವ ಹಾಗೆ. ಗಡಿಯಾರ ನೋಡಿ. ನಮ್ಮದರಲ್ಲಿ ಮೊದಲ ನಿಮಿಷಕ್ಕೆ 350 ಮಿಲಿ ಬಂತು. ಎರಡನೇ ನಿಮಿಷಕ್ಕೆ 200. ಮೂರನೇ ನಿಮಿಷಕ್ಕೆ 120, ಅದೂ ತೊಟ್ಟಿಕ್ಕಿದ ಹಾಗೆ. ಮುಚ್ಚಳ ತೆಗೆದ ಕೂಡಲೇ "ಫುಸ್" ಅಂತು, ಧಾರೆ ಮತ್ತೆ ಮೊದಲಿನಂತಾಯಿತು.

ಮುಚ್ಚಳದ ಗಾಳಿ ತೂತು ಮುಚ್ಚಿತ್ತು. ಹೊಲದ ಧೂಳಿಗೆ ಪೆಟ್ರೋಲಿನ ಪಸೆ ಸೇರಿ ಸಿಮೆಂಟ್ ಹಾಗೆ ಗಟ್ಟಿಯಾಗಿತ್ತು. ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಹೋಗದಿದ್ದರೆ ಟ್ಯಾಂಕ್ ಬಾಯಿ ಕಟ್ಟಿದ ಬಾಟಲಿ ಆಗುತ್ತದೆ. ಎರಡು ಸುತ್ತು ಚೆನ್ನಾಗಿ ಓಡಿ ಮೂರನೇ ಸುತ್ತಿಗೆ ಕೈಕೊಡುವ ಗುಟ್ಟು ಸಿಕ್ಕಿತು ಅಂತ ಅಳಿಯ ಕುಣಿದ. ಗುಂಡುಸೂಜಿಯಲ್ಲಿ ತೂತು ಬಿಡಿಸಿ, ಹೊಸ ಪಿಸ್ಟನ್ ಹಾಕಿಸಿ, ಎಂಜಿನ್ ಪಳಗಿಸಿ ಮತ್ತೆ ಹೊಲಕ್ಕೆ ಹೋದೆವು. ಐದು ಸುತ್ತು ಓಡಿತು. ಆರನೆಯದರಲ್ಲಿ ಸದ್ದು ಮತ್ತೆ ಚೂಪಾಯಿತು. ಈ ಸಲ ಅವನ ಬೆರಳು ಕ್ಲಚ್ ಮೇಲೇ ಇತ್ತು, ಹಾಗಾಗಿ ಪಿಸ್ಟನ್ ಉಳಿಯಿತು.

ಒಂದು ದೋಷ ಸಿಕ್ಕಿತು ಅಂತ ಹುಡುಕುವುದನ್ನು ನಿಲ್ಲಿಸಿದ್ದು ನನ್ನದೇ ತಪ್ಪು. ನಿಂತಲ್ಲೇ ಒಂದು ಸೂಚನೆ ಇತ್ತು, ನಾನು ಗಮನ ಕೊಟ್ಟಿರಲಿಲ್ಲ. ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಟ್ಟನೆ ಇಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಮೇಲೇ ತೇಲಿ, ನಿಧಾನಕ್ಕೆ ಕೆಳಗೆ ಬರುತ್ತಿತ್ತು. ಕೇಬಲ್ ಸಿಕ್ಕಿಕೊಂಡಿಲ್ಲ ಅಂತ ಖಚಿತವಾದರೆ ಈ ಲಕ್ಷಣಕ್ಕೆ ಅರ್ಥ ಒಂದೇ: ಎಲ್ಲೋ ಗಾಳಿ ಎಳೆಯುತ್ತಿದೆ.

ಬಿಪಿ ಮಶಿನ್ ಹಾಕಿ ಲೀಕ್ ನೋಡುವುದು

ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸೇ ಪಂಪು. ಅದರಲ್ಲಿ ಕೂದಲೆಳೆ ಬಿರುಕಿದ್ದರೂ ಪಿಸ್ಟನ್ ಮೇಲೇರುವಾಗ ಅಲ್ಲಿಂದ ಬರೀ ಗಾಳಿ ಒಳಗೆ ಬರುತ್ತದೆ. ಆ ಗಾಳಿಯಲ್ಲಿ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ. ಇದನ್ನು ಹಿಡಿಯುವ ಸಾಮಾನ್ಯ ಅಳತೆ ಹೀಗಿದೆ. ಎಂಜಿನ್ನಿನ ಬಾಯಿಗಳನ್ನೆಲ್ಲ ಮುಚ್ಚಿ 6 ಪಿಎಸ್‌ಐ ಗಾಳಿ ತುಂಬಬೇಕು. ನಿಮಿಷಕ್ಕೆ 1 ಪಿಎಸ್‌ಐಗಿಂತ ಜಾಸ್ತಿ ಇಳಿಯಬಾರದು. ಆರು ನಿಮಿಷ ಕಾಯಬೇಕು.

ಇಷ್ಟು ಕಡಿಮೆ ಒತ್ತಡ ತೋರಿಸುವ ಗೇಜ್ ಪಂಕ್ಚರ್ ಅಂಗಡಿಯಲ್ಲಿ ಸಿಗುವುದಿಲ್ಲ. ಮೆಡಿಕಲ್ ಸ್ಟೋರ್‌ನಲ್ಲಿ ಸಿಗುತ್ತದೆ. ಕೈಯಲ್ಲಿ ರಬ್ಬರ್ ಬಲ್ಬ್ ಒತ್ತುವ, ಮುಳ್ಳಿನ ಡಯಲ್ ಇರುವ ಬಿಪಿ ಮಶಿನ್ ಸಾಕು. ಅದರ ಡಯಲ್ 300ರವರೆಗೆ ಇರುತ್ತದೆ, 300 ಅಂದರೆ ಸುಮಾರು 5.8 ಪಿಎಸ್‌ಐ. ನಾನು 250ಕ್ಕೆ ನಿಲ್ಲಿಸುತ್ತೇನೆ. ಅಲ್ಲಿಂದ ನಿಮಿಷಕ್ಕೆ 50 ಇಳಿದರೆ ಹೆಚ್ಚು ಕಡಿಮೆ 1 ಪಿಎಸ್‌ಐ ಆಯಿತು. ನನಗೆ ಬಿಪಿ ಇದೆ, ಹಾಗಾಗಿ ಮನೆಯಲ್ಲೇ ಮಶಿನ್ ಇತ್ತು. ಮನೆಯವರಿಗೆ ಮಾತ್ರ ಈ ವಿಷಯ ಹೇಳಿಲ್ಲ.

ಎಕ್ಸಾಸ್ಟ್ ಬಾಯಿ ಎರಡಕ್ಕೂ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದ ಮರದ ಬೆಣೆ ಬಡಿದು, ತಂತಿಯಿಂದ ಬಿಗಿದೆವು. ಕಾರ್ಬೊರೇಟರ್ ಜಾಗಕ್ಕೆ ದಪ್ಪ ರಬ್ಬರ್ ಇಟ್ಟು ಮೇಲೊಂದು ಪ್ಲೇಟ್ ಹಾಕಿ ಬೋಲ್ಟ್ ಮಾಡಿದೆವು. ಹಳೆ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಕಬ್ಬಿಣದ ಮೈಗೆ ಒಂದು ಸಣ್ಣ ನಳಿಗೆ ಬೆಸುಗೆ ಹಾಕಿಸಿ, ಬಿಪಿ ಮಶಿನ್ನಿನ ಪೈಪ್ ಅದಕ್ಕೆ ಚುಚ್ಚಿದೆವು. ಪಿಸ್ಟನ್ ಪೂರ್ತಿ ಕೆಳಗಿರಬೇಕು, ಆಗ ಟ್ರಾನ್ಸ್‌ಫರ್ ಪೋರ್ಟ್ ತೆರೆದು ಮೇಲಿನ ಗಾಳಿ ಕ್ರ್ಯಾಂಕ್‌ಕೇಸ್‌ಗೂ ಹೋಗುತ್ತದೆ. ಆದರೆ ಆ ಹೊತ್ತಿಗೆ ಇನ್‌ಲೆಟ್ ಪೋರ್ಟನ್ನು ಪಿಸ್ಟನ್ನಿನ ಮೈ ಮುಚ್ಚಿರುತ್ತದೆ. ಆದ್ದರಿಂದ ಎರಡನೇ ಸಲ ಪಿಸ್ಟನ್ ಮೇಲಿಟ್ಟು, ಕಾರ್ಬೊರೇಟರ್ ಕಡೆಯ ಪ್ಲೇಟಿಗೇ ನಳಿಗೆ ಕೂರಿಸಿ ಗಾಳಿ ತುಂಬಿ. ಈ ಎರಡನೇ ಸಲದ ಪರೀಕ್ಷೆ ಬಿಡುವವರೇ ಜಾಸ್ತಿ. ಇನ್‌ಲೆಟ್ ಪ್ಯಾಕಿಂಗ್ ಲೀಕ್ ಅವರಿಗೆ ಸಿಗುವುದೇ ಇಲ್ಲ.

250ಕ್ಕೆ ತುಂಬಿ ಕೈ ಬಿಟ್ಟೆ. ಒಂದು ನಿಮಿಷದಲ್ಲಿ ಮುಳ್ಳು 90ಕ್ಕೆ ಬಂತು. ಶಾಂಪೂ ಕಲಸಿದ ನೀರನ್ನು ಬ್ರಷ್‌ನಲ್ಲಿ ಹಚ್ಚುತ್ತಾ ಹೋದೆವು. ಹೆಡ್ ಸುತ್ತ ಏನೂ ಇಲ್ಲ. ಸಿಲಿಂಡರ್ ಬುಡದಲ್ಲಿ, ಹಿಂದಿನ ಎಡ ಸ್ಟಡ್ ಪಕ್ಕ, ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಎದ್ದವು. ಟಾರ್ಚ್ ಹಿಡಿದು ನೋಡಿದರೆ ಅಲ್ಲಿ ಒಂದು ಪ್ಯಾಕಿಂಗ್ ಅಲ್ಲ, ಎರಡು. ಮಧ್ಯದಲ್ಲಿ ಅಲ್ಯೂಮಿನಿಯಂ ಪ್ಲೇಟ್!

ಆ ಒಂದು ಮಿ.ಮೀ.

ಹಿಂದಿನ ಮಾಲೀಕನ ಕಾಲದಲ್ಲಿ ಯಾರೋ ಸಿಲಿಂಡರ್ ಅಡಿಗೆ 1 ಮಿ.ಮೀ. ಪ್ಲೇಟ್ ಸೇರಿಸಿದ್ದರು. ಯಾಕೆ ಅಂತ ಗೊತ್ತು. ಸಿಲಿಂಡರ್ ಎತ್ತಿದರೆ ಪೋರ್ಟ್‌ಗಳೂ ಅಷ್ಟೇ ಎತ್ತರವಾಗುತ್ತವೆ. ಎಕ್ಸಾಸ್ಟ್ ಬೇಗ ತೆರೆಯುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಪವರ್ ಸಿಗುತ್ತದೆ. ಒಂದೊಂದು ಪೋರ್ಟನ್ನೂ ಫೈಲ್ ಮಾಡುವ ಕಷ್ಟ ಇಲ್ಲ. ಸೋಮಾರಿಯ ಟ್ಯೂನಿಂಗ್ ಇದು, ಆದರೂ ಕೆಲಸ ಮಾಡುತ್ತದೆ. ಕೆಟ್ಟದ್ದು ಪ್ಲೇಟಿನ ಉಪಾಯ ಅಲ್ಲ. ಅದನ್ನು ಕತ್ತರಿಸಿದವರು ಅಂಚು ಉಜ್ಜಿರಲಿಲ್ಲ. ಒಂದು ಮೂಲೆ ಬಾಗಿತ್ತು. ಕನ್ನಡಿ ಗಾಜಿನ ಮೇಲಿಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿದರೆ 0.15 ಮಿ.ಮೀ. ಸಲೀಸಾಗಿ ಹೋಯಿತು.

ಹಾಳೆಯ ಕೊನೆ ಸಾಲು ಆಗ ನೆನಪಾಯಿತು. ಲೀಕ್ ಆಗುತ್ತಿದ್ದ ಜಾಗವೂ ನಿಯಮ ಮುರಿದ ಜಾಗವೂ ಒಂದೇ. ಅಳಿಯ "ಮಾಮ, ಪ್ಲೇಟ್ ತೆಗೆದು ಬಿಸಾಕಿದ್ರೆ ಮುಗೀತಲ್ಲ" ಅಂದ. ಅಲ್ಲೇ ಅಪಾಯ ಇರೋದು. ಸಿಲಿಂಡರ್ ಎತ್ತಿದವರು ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಒತ್ತುವ ಪ್ರಮಾಣ) ಇಳಿಯದಿರಲಿ ಅಂತ ಹೆಡ್ಡನ್ನೂ 1 ಮಿ.ಮೀ. ಸ್ಕಿಮ್ ಮಾಡಿಸಿರುತ್ತಾರೆ. ಪ್ಲೇಟ್ ಮಾತ್ರ ತೆಗೆದರೆ ಹೆಡ್ ಪಿಸ್ಟನ್ನಿನ ತಲೆ ಮೇಲೆ ಬಂದು ಕೂರುತ್ತದೆ.

ನೋಡುವ ಬಗೆ: 2 ಮಿ.ಮೀ. ದಪ್ಪದ ಬೆಸುಗೆ ಸೀಸದ ತಂತಿಯನ್ನು ಪ್ಲಗ್ ತೂತಿನಿಂದ ಬೋರ್ ಗೋಡೆ ಮುಟ್ಟುವ ತನಕ ತಳ್ಳಿ. ಕಿಕ್ಕನ್ನು ಕೈಯಲ್ಲೇ ಮೆಲ್ಲಗೆ ಒತ್ತಿ ಪಿಸ್ಟನ್ ಒಮ್ಮೆ ಮೇಲೆ ಹೋಗಿ ಬರಲಿ. ಚಪ್ಪಟೆಯಾದ ತುದಿಯನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಪ್ಲೇಟ್ ಇದ್ದಾಗ 1.6 ಬಂತು. ಪ್ಲೇಟ್ ತೆಗೆದರೆ 0.6. ಬಿಸಿಯಾದಾಗ ರಾಡ್ ಹಿಗ್ಗುತ್ತದೆ, ಹಳೆ ಬೇರಿಂಗ್ ಆಡುತ್ತದೆ. 0.6ರಲ್ಲಿ ಪಿಸ್ಟನ್ ಹೆಡ್ಡಿಗೆ ತಾಗದೆ ಇರಲ್ಲ.

ಕಂಪ್ರೆಷನ್ ಲೆಕ್ಕವೂ ಅದನ್ನೇ ಹೇಳುತ್ತದೆ. ಪಿಸ್ಟನ್ ಪೂರ್ತಿ ಮೇಲಿದ್ದಾಗ, ಪ್ಲಗ್ ತೂತಿನಿಂದ ಸಿರಿಂಜ್‌ನಲ್ಲಿ ಆಯಿಲ್ ತುಂಬಿದರೆ ಪ್ಲೇಟ್ ಸಮೇತ 38 ಸಿಸಿ ಹಿಡಿಯಿತು. ಬೋರ್ 65.75 ಆದ್ದರಿಂದ ಎಂಜಿನ್ 254.6 ಸಿಸಿ. ಎರಡನ್ನೂ ಕೂಡಿಸಿ 38ರಿಂದ ಭಾಗಿಸಿದರೆ 7.7. ಪ್ಲೇಟ್ ತೆಗೆದರೆ ಜಾಗ 3.4 ಸಿಸಿ ಕಡಿಮೆಯಾಗಿ ಕಂಪ್ರೆಷನ್ 8.4ಕ್ಕೆ ಏರುತ್ತದೆ. ಗಾಳಿಯಿಂದ ತಣ್ಣಗಾಗುವ ಹಳೆ ಎಂಜಿನ್, ನಮ್ಮೂರಿನ ಏಪ್ರಿಲ್ ಬಿಸಿಲು. ಬೇಡವೇ ಬೇಡ. ಗುಜರಿಯಲ್ಲಿ ಸ್ಕಿಮ್ ಮಾಡದ ಹಳೆ ಹೆಡ್ ಸಿಕ್ಕಿತು. ಅದು ಕೂತ ಮೇಲೆ ಸೀಸದ ತಂತಿ ಮತ್ತೆ 1.6 ತೋರಿಸಿತು. ಪೋರ್ಟ್ ಎತ್ತರ ಹೋಯಿತು, ಅದನ್ನು ಬೇಕಾದರೆ ಫೈಲ್ ಮಾಡಿ ಪಡೆಯಬಹುದು, ಹಾಳೆಯಲ್ಲಿ ಒಪ್ಪಿಗೆ ಇದೆ. ನಾನು ಈಗಲೇ ಬೇಡ ಅಂದೆ.

ಮತ್ತೆ ಬಿಪಿ ಮಶಿನ್ ಹಾಕಿದೆವು. ನಿಮಿಷಕ್ಕೆ 250ರಿಂದ 170. ಇನ್ನೂ ಜಾಸ್ತಿಯೇ. ಬುಡ ಒಣಗಿತ್ತು, ಹೆಡ್ ಒಣಗಿತ್ತು. ಬಲಗಡೆ ಡೈನಮೋ ಬಿಚ್ಚಿ ಕ್ರ್ಯಾಂಕ್ ಸೀಲ್ (ಕ್ರ್ಯಾಂಕಿನ ದಂಡದ ಸುತ್ತ ಗಾಳಿ ತಡೆಯುವ ರಬ್ಬರ್ ಉಂಗುರ) ಮೇಲೆ ಎರಡು ಹನಿ ಆಯಿಲ್ ಬಿಟ್ಟಾಗ ಆಯಿಲ್ ಗುಳುಗುಳು ಅಂತು. ಸೀಲ್ ತೆಗೆದರೆ ತುಟಿ ಹಪ್ಪಳದ ಹಾಗೆ ಗಟ್ಟಿ, ಬಗ್ಗಿಸಿದರೆ ಮುರಿಯಿತು. ಹೊಸ ಸೀಲ್ ಹಾಕಿದ ಮೇಲೆ ಆರು ನಿಮಿಷಕ್ಕೆ 235ರಲ್ಲಿ ನಿಂತಿತ್ತು.

ಉಳಿದದ್ದು

ಪಾಯಿಂಟ್ ಗ್ಯಾಪ್ 0.4ರ ಹತ್ತಿರ, ಟೈಮಿಂಗ್ (ಕಿಡಿ ಹಾರುವ ಹೊತ್ತು) ಡಯಲ್ ಗೇಜ್‌ನಲ್ಲಿ ನೋಡಿದ್ದು ಪುಸ್ತಕದಷ್ಟೇ. ಟೈಮಿಂಗ್ ತೀರಾ ಮುಂದಿದ್ದರೂ ಪಿಸ್ಟನ್ ಸುಡುತ್ತದೆ, ಆದ್ದರಿಂದ ನೋಡದೆ ಬಿಡಬೇಡಿ. ನಮ್ಮದರಲ್ಲಿ ತಪ್ಪಿರಲಿಲ್ಲ.

ಜೆಟ್ ಕಡೆಗೆ ಈಗ ಬನ್ನಿ, ಮೊದಲು ಅಲ್ಲ. ಲೀಕ್ ನಿಂತ ಮೇಲೆ ಅಳಿಯ ಹಾಕಿದ್ದ ದೊಡ್ಡ ಜೆಟ್ ಜಾಸ್ತಿಯಾಯಿತು. ಮೇಲಿನ ಆರ್‌ಪಿಎಂನಲ್ಲಿ ಬ್ರರ್ ಬ್ರರ್ ಅಂತ ತಡವರಿಸಿತು, ಹೊಗೆ ಕಕ್ಕಿತು. ಎರಡು ಸೈಜ್ ಇಳಿಸಿದೆವು. ಕಂಪನಿ ಸೈಜ್‌ಗಿಂತ ಒಂದು ದೊಡ್ಡದು ಬೇಕೇ ಬೇಕು, ಅದು ಈಗಿನ ಪೆಟ್ರೋಲಿನ ಕಾಟ. ಒಂದು ಭಾಗ ಬರೀ ಪೆಟ್ರೋಲ್ ಉರಿಯಲು 14.7 ಭಾಗ ಗಾಳಿ ಸಾಕು. 20 ಶೇಕಡಾ ಎಥನಾಲ್ ಬೆರೆತದ್ದಕ್ಕೆ ಸುಮಾರು 13.5. ಅದೇ ಗಾಳಿಗೆ ಪೆಟ್ರೋಲ್ ಒಂಬತ್ತು ಶೇಕಡಾದಷ್ಟು ಜಾಸ್ತಿ ಬೇಕು. ಹಳೆ ಜೆಟ್ಟಿಗೆ ಇದು ಗೊತ್ತಿಲ್ಲ. ಎಥನಾಲ್ ನೀರು ಹೀರುತ್ತದೆ, ಆದ್ದರಿಂದ ಮಿಕ್ಸ್ ಮಾಡಿದ ಪೆಟ್ರೋಲ್ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ.

ಆಯಿಲ್ ಜಾಸ್ತಿ ಹಾಕಿದರೆ ಜಾಮ್ ಆಗಲ್ಲ ಅನ್ನುವವರಿಗೆ ಒಂದು ಮಾತು. ಲೀಟರಿಗೆ 40 ಮಿಲಿ ಬದಲು 50 ಹಾಕಿದರೆ ಜೆಟ್ಟಿನಲ್ಲಿ ಆಯಿಲಿನ ಪಾಲು ಏರಿ ಪೆಟ್ರೋಲಿನದು ಒಂದು ಶೇಕಡಾದಷ್ಟು ಇಳಿಯುತ್ತದೆ. ಮೊದಲೇ ಪೆಟ್ರೋಲ್ ಸಾಲದ ಎಂಜಿನ್‌ಗೆ ಇದು ಸಣ್ಣದಾದರೂ ಉಲ್ಟಾ ಹೆಜ್ಜೆ. ನಾವು 40ರಲ್ಲೇ ಇದ್ದೇವೆ.

ತಪಾಸಣೆಯ ದಿನ ಪರೀಕ್ಷಕರು ಸಿಲಿಂಡರ್ ಬುಡಕ್ಕೇ ಮೊದಲು ಟಾರ್ಚ್ ಬಿಟ್ಟರು. ಅಳಿಯ ನನ್ನ ಮುಖ ನೋಡಿದ. ಎಂಟು ಸುತ್ತು ಓಡಿತು. ಪ್ಲಗ್ ಹುರಿದ ಕಾಫಿ ಬೀಜದ ಬಣ್ಣ. ಎಷ್ಟನೇ ಸ್ಥಾನ ಅಂತ ಕೇಳಬೇಡಿ.

ಎಡಗಡೆ, ಕ್ಲಚ್ ಬದಿಯ ಸೀಲ್ ಇನ್ನೂ ಹಳೆಯದೇ. ಅದು ಹೋದರೆ ಲಕ್ಷಣ ಬೇರೆ. ಆ ಕಡೆ ಗೇರ್ ಆಯಿಲ್ ಇರುತ್ತದೆ, ಗಾಳಿಯ ಬದಲು ಎಂಜಿನ್ ಅದನ್ನೇ ಕುಡಿಯುತ್ತದೆ. ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ, ಪ್ಲಗ್ ಒದ್ದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಈಗ ಪ್ರತಿ ಭಾನುವಾರ ಅಭ್ಯಾಸ ಮುಗಿದ ಮೇಲೆ ಅಳಿಯ ಗೇರ್ ಆಯಿಲ್ ಮಟ್ಟ ಅಳೆದು ಶೆಡ್ಡಿನ ಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಾನೆ. ನಾಲ್ಕು ಗೀಟು ಒಂದೇ ಎತ್ತರಕ್ಕಿವೆ. ಐದನೆಯದು ಕೂದಲಷ್ಟು ಕೆಳಗಿದೆ.